ಬಾನೆಟ್ಟಿನ ಕೆಳಗಿನ ಇಲಿಗೂಡು

1943ರ ಜುಲೈನಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದ ಮೇಲೆ ಕಣ್ಣುರಿಸುವ ಹೊಗೆ ಕವಿಯಿತು. ಯುದ್ಧದ ದಿನಗಳು, ಶತ್ರುಗಳು ವಿಷಾನಿಲ ಬಿಟ್ಟಿದ್ದಾರೆಂಬ ಗುಲ್ಲೆದ್ದಿತು. ಬಳಿಕ ಅಪವಾದ ಕೃತಕ ರಬ್ಬರಿನ ಕಚ್ಚಾವಸ್ತು ತಯಾರಿಸುತ್ತಿದ್ದ ಕಾರ್ಖಾನೆಯೊಂದರ ತಲೆಗೆ ಬಂತು. ಅದನ್ನು ಮುಚ್ಚಿಸಿದರೂ ಹೊಗೆ ತೊಲಗಲಿಲ್ಲ.

ಗುಟ್ಟು ಬಿಡಿಸಿದವರು ಅನಾನಸಿನ ಪರಿಮಳವನ್ನು ವಿಶ್ಲೇಷಿಸುತ್ತಿದ್ದ ಡಚ್ ಮೂಲದ ರಸಾಯನಶಾಸ್ತ್ರಜ್ಞ ಆರೀ ಹಾಗೆನ್-ಸ್ಮಿಟ್. ಪೆಟ್ರೋಲಿನ ಆವಿ, ಕಾರಿನ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳು ಬಿಸಿಲಿಗೆ ಬಿದ್ದಾಗ ಓಝೋನ್ ಹುಟ್ಟುತ್ತದೆ ಎಂದು 1950ರ ದಶಕದ ಆರಂಭದಲ್ಲಿ ಅವರು ತೋರಿಸಿಕೊಟ್ಟರು. ಓಝೋನ್ ಪತ್ತೆಗೆ ಬಳಕೆಯಾದದ್ದು ಬಾಗಿಸಿಟ್ಟ ರಬ್ಬರಿನ ತುಂಡು. ಅದು ಎಷ್ಟು ಬೇಗ ಬಿರುಕು ಬಿಟ್ಟರೆ ಗಾಳಿ ಅಷ್ಟು ಕೆಟ್ಟಿದೆ ಎಂದರ್ಥ.

ಕ್ಯಾಲಿಫೋರ್ನಿಯಾ 1960ರ ದಶಕದಲ್ಲೇ ಕಾರುಗಳಿಗೆ ಹೊಗೆ ನಿಯಂತ್ರಣ ವಿಧಿಸಿತು. 1970ರ ಶುದ್ಧಗಾಳಿ ಕಾಯಿದೆಯಿಂದ ಅದು ದೇಶದಾದ್ಯಂತ ಬಿಗಿಯಾಯಿತು. ತಯಾರಕರು ಹಳೆಯ ಎಂಜಿನನ್ನೇ ಇಟ್ಟುಕೊಂಡು ಅದಕ್ಕೆ ಉಪಕರಣಗಳನ್ನು ನೇತುಹಾಕಿದರು: ಪೆಟ್ರೋಲ್ ಆವಿಯನ್ನು ಹೀರುವ ಇದ್ದಿಲಿನ ಡಬ್ಬ, ಸುಟ್ಟ ಅನಿಲವನ್ನು ಮತ್ತೆ ಎಂಜಿನ್ನಿಗೆ ಕಳಿಸಿ ದಹನದ ಬಿಸಿ ತಗ್ಗಿಸುವ ಕವಾಟ, 1975ರ ಮಾದರಿಗಳಿಂದ ಕೆಟಲಿಟಿಕ್ ಕನ್ವರ್ಟರ್.

ಈ ಕವಾಟಗಳನ್ನು ನಡೆಸಲು ಪುಕ್ಕಟೆ ಸಿಗುತ್ತಿದ್ದ ಆಳೆಂದರೆ ನಿರ್ವಾತ. ಎಂಜಿನ್ ಗಾಳಿ ಹೀರುವಾಗ ಒಳದಾರಿಯಲ್ಲಿ ಒತ್ತಡ ಇಳಿಯುತ್ತದೆ. ಒಂದು ರಬ್ಬರ್ ಕೊಳವೆ ಜೋಡಿಸಿದರೆ ಆ ಎಳೆತವೇ ದೂರದ ಕವಾಟವನ್ನು ತೆರೆದು ಮುಚ್ಚುತ್ತದೆ. ಹೀಗೆ ಒಂದೊಂದೇ ಕೊಳವೆ ಸೇರುತ್ತ ಹೋಯಿತು. ಟರ್ಬೊ ಬಂದಮೇಲೆ ತೊಡಕು ಇಮ್ಮಡಿಸಿತು. ಹೊಗೆಯ ರಭಸದಿಂದ ತಿರುಗುವ ಟರ್ಬೈನು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬಿಸುತ್ತದೆ. ಆಗ ಈಗಷ್ಟೇ ಎಳೆಯುತ್ತಿದ್ದ ಕೊಳವೆ ನೂಕತೊಡಗುತ್ತದೆ. ಅದಕ್ಕೆ ಏಕಮುಖ ಕವಾಟಗಳು, ವಿದ್ಯುತ್ ಸ್ವಿಚ್ಚುಗಳು, ಮತ್ತಷ್ಟು ಕೊಳವೆಗಳು.

ಇದರ ಪರಾಕಾಷ್ಠೆ ಮಾಜ್ದಾದ ಮೂರನೆಯ ಪೀಳಿಗೆಯ ಆರ್‌ಎಕ್ಸ್-7. ಅಮೆರಿಕದಲ್ಲಿ 1993ರಿಂದ 1995ರ ಮಾದರಿಗಳಾಗಿ ಮಾರಾಟವಾದ ಈ ಕಾರಿನಲ್ಲಿ ಎರಡು ಟರ್ಬೊಗಳು. ಮೊದಲನೆಯದು ಕಡಿಮೆ ವೇಗದಲ್ಲಿ ದುಡಿದರೆ, ಎಂಜಿನ್ ನಿಮಿಷಕ್ಕೆ ಸುಮಾರು 4,500 ಸುತ್ತು ತಲುಪಿದಾಗ ಎರಡನೆಯದು ಕೂಡಿಕೊಳ್ಳುತ್ತಿತ್ತು. ಆ ಕೈಬದಲಾವಣೆಯನ್ನು ನಡೆಸುವ ಕೊಳವೆಗಳ ಗೋಜಲಿಗೆ ಮಾಲೀಕರಿಟ್ಟ ಹೆಸರು ‘ಇಲಿಗೂಡು’. ಬಿಸಿಗೆ ರಬ್ಬರು ಗಡುಸಾಗಿ ಸೀಳಿದರೆ ಯಾವುದು ಸೋರುತ್ತಿದೆಯೆಂದು ಹುಡುಕುವುದರಲ್ಲೇ ದಿನ ಕಳೆಯುತ್ತಿತ್ತು. ಹಲವರು ಸಿಟ್ಟಿನಿಂದ ಗೂಡನ್ನೇ ಕಿತ್ತೆಸೆದರು. ಕನ್ವರ್ಟರೂ ಅದರ ಹಿಂದೆಯೇ ಹೋಯಿತು.

ಸಿಟ್ಟಿಗೆ ಕಾರಣವಿಲ್ಲದಿರಲಿಲ್ಲ. 1970ರ ದಶಕದ ಅವಸರದ ಉಪಕರಣಗಳು ಎಂಜಿನ್ನಿನ ಕಸುವನ್ನು ನಿಜವಾಗಿಯೂ ತಿಂದಿದ್ದವು. ಆದರೆ ಇಂಧನ ಇಂಜೆಕ್ಷನ್, ಗಣಕದ ನಿಯಂತ್ರಣ ಬಂದಮೇಲೆ ಲೆಕ್ಕ ಬದಲಾಯಿತು, ನಂಬಿಕೆ ಮಾತ್ರ ಬದಲಾಗಲಿಲ್ಲ. ಸುಟ್ಟ ಅನಿಲ ಹಿಂದಿರುಗಿಸುವ ಕವಾಟ ಸಾಮಾನ್ಯವಾಗಿ ಪೂರ್ತಿ ವೇಗದಲ್ಲಿ ತಾನಾಗಿ ಮುಚ್ಚಿರುತ್ತದೆ. ಅದನ್ನು ಕಿತ್ತು ಗಳಿಸುವ ಬಲ ಹೆಚ್ಚೇನಿಲ್ಲ. ಕನ್ವರ್ಟರ್ ತೆಗೆದರೆ ಬಲ ಹೆಚ್ಚುವುದುಂಟು, ಅಪಾಯವೂ ಅಲ್ಲೇ. ಟರ್ಬೊ ಒತ್ತಡ ಮಿತಿಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು ಆರ್‌ಎಕ್ಸ್-7ರಲ್ಲಿ ಚಿಕ್ಕದು. ಹೊಗೆಯ ದಾರಿ ಸಲೀಸಾದರೆ ಒತ್ತಡ ಅಂಕೆ ತಪ್ಪಿ, ಇಂಧನ ಸಾಲದೆ, ರೋಟರಿನ ತುದಿಯ ಸೀಲುಗಳು ಮುರಿಯುತ್ತಿದ್ದವು. ಕೊಳವೆಯ ಕಾಟ ತಪ್ಪಿಸಲು ಹೋಗಿ ಎಂಜಿನ್ನನ್ನೇ ಕಳೆದುಕೊಂಡಂತೆ. ಹಳೆಯ ರಬ್ಬರ್ ತೆಗೆದು ಅದೇ ಜಾಗಕ್ಕೆ ಸಿಲಿಕೋನ್ ಕೊಳವೆ ಹಾಕಿದ ತಾಳ್ಮೆಯವರು ಜಾಣರು.

ಕಾನೂನು ಈ ಕೈಚಳಕದ ಹಿಂದೆ ನಿಧಾನವಾಗಿ ಬಂತು. 1970ರ ಕಾಯಿದೆಯ ನಿಷೇಧ ತಯಾರಕರಿಗೂ ಮಾರಾಟಗಾರರಿಗೂ ಸೀಮಿತವಾಗಿತ್ತು. 1977ರಲ್ಲಿ ಗ್ಯಾರೇಜಿನವರೂ ಅದರ ಹಿಡಿತಕ್ಕೆ ಬಂದರು. ತನ್ನ ಕಾರನ್ನು ತಾನೇ ಬಿಚ್ಚುವ ಮಾಲೀಕನೂ ತಪ್ಪಿತಸ್ಥನೆಂದು ಬರೆದದ್ದು 1990ರ ತಿದ್ದುಪಡಿ. ಅಲ್ಲಿಯವರೆಗೆ ‘ಕಾರು ನನ್ನದು’ ಎಂಬ ವಾದಕ್ಕೆ ಬಲವಿತ್ತು. ಹೊಗೆ ಯಾರದು ಎಂಬ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿರಲಿಲ್ಲ.

ನಿಷೇಧದಿಂದ ಕಸುಬು ನಿಲ್ಲಲಿಲ್ಲ. ಅದು ಟರ್ಬೊ ಡೀಸೆಲ್ ಪಿಕಪ್‌ಗಳತ್ತ ಹೊರಳಿತು. ಅಲ್ಲಿ ಕೊಳವೆ ಕೀಳುವುದರ ಜತೆಗೆ ಎಂಜಿನ್ನಿನ ಗಣಕಕ್ಕೂ ಹೊಸ ಪಾಠ ಹೇಳಿಕೊಡಬೇಕು. ಒಂದು ದಶಕದಲ್ಲಿ 5,50,000ಕ್ಕೂ ಹೆಚ್ಚು ಪಿಕಪ್‌ಗಳ ನಿಯಂತ್ರಣ ಸಾಧನಗಳನ್ನು ಹೀಗೆ ತೆಗೆಯಲಾಗಿದೆ ಎಂದು 2020ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜು ಮಾಡಿತು. ಆ ವಾಹನಗಳು ತಮ್ಮ ಆಯುಷ್ಯದಲ್ಲಿ ಹೆಚ್ಚುವರಿಯಾಗಿ ಉಗುಳುವ ಸಾರಜನಕದ ಆಕ್ಸೈಡು 5,70,000 ಟನ್ನು ಮೀರುತ್ತದೆ.