ಸ್ವರಲಿಪಿಯೂ ಬಾಲಶಿಕ್ಷಣವೂ

ಗಾನವಿದ್ಯೆಯು ಮೊದಲು ಗುರುಮುಖದಿಂದಲೇ ಶಿಷ್ಯನಿಗೆ ಬರುತ್ತಿದ್ದಿತು. ಕ್ರಿ. ಶ. 11ನೆಯ ಶತಮಾನದ ಆದಿಯಲ್ಲಿ ಇಟಲಿ ದೇಶದ ಕ್ರೈಸ್ತಮಠಗಳ ಬಾಲಗಾಯಕರು ಪೂಜಾಗೀತಗಳನ್ನು ಕೇಳಿ ಕೇಳಿಯೇ ಕಂಠಸ್ಥಮಾಡಬೇಕಾಗಿದ್ದಿತು. ಹತ್ತು ವರ್ಷ ದುಡಿದರೂ, ಕೇಳದ ಹಾಡೊಂದನ್ನು ತಾವಾಗಿ ಹಾಡುವ ಶಕ್ತಿಯು ಅವರಿಗೆ ಬರುತ್ತಿರಲಿಲ್ಲ. ಸಾಹಿತ್ಯದ ಮೇಲೆ ಗುರುತುಗಳನ್ನು ಬರೆಯುವ ವಾಡಿಕೆಯು ಇದ್ದಿತಾದರೂ, ಅವು ಸ್ವರವು ಏರುವುದೋ ಇಳಿಯುವುದೋ ಎಂಬುದನ್ನು ಸೂಚಿಸುತ್ತಿದ್ದುವೇ ಹೊರತು ಎಷ್ಟು ಏರುವುದೆಂಬುದನ್ನು ನಿಶ್ಚಯವಾಗಿ ತಿಳಿಸುತ್ತಿರಲಿಲ್ಲ.

ಈ ಕೊರತೆಯನ್ನು ನೀಗಿದವನು ಪೊಂಪೋಸಾ ಮಠದ ಗ್ವೀದೋ ಎಂಬ ಯತಿ. ಅವನು ಗೆರೆಗಳನ್ನೆಳೆದು, ಗೆರೆಯ ಮೇಲೊಂದು, ಗೆರೆಗಳ ನಡುವಣ ತೆರಪಿನಲ್ಲೊಂದು, ಹೀಗೆ ಪ್ರತಿಯೊಂದು ಸ್ವರಕ್ಕೂ ಸ್ಥಿರವಾದ ಸ್ಥಾನವನ್ನು ಕಲ್ಪಿಸಿದನು. ಅರ್ಧಸ್ವರದ ಅಂತರವು ಎಲ್ಲಿ ಬರುವುದೆಂಬುದು ಬಾಲಕರಿಗೆ ಒಡನೆಯೇ ಕಾಣುವಂತೆ ಒಂದು ಗೆರೆಗೆ ಕೆಂಪನ್ನೂ ಮತ್ತೊಂದಕ್ಕೆ ಹಳದಿಯನ್ನೂ ಹಚ್ಚಿದನು. ಆದರೆ ಸ್ವಂತ ಮಠದವರೇ ಅಸೂಯೆಪಟ್ಟುದರಿಂದ ಅವನು ಆ ಸ್ಥಳವನ್ನು ಬಿಡಬೇಕಾಯಿತು. ಆರೆಟ್ಸೋ ನಗರದ ಧರ್ಮಾಧ್ಯಕ್ಷನಾದ ಥಿಯೊಡಾಲ್ಡನು ಆಶ್ರಯವನ್ನಿತ್ತು ಬಾಲಗಾಯಕರ ಶಿಕ್ಷಣವನ್ನು ಅವನಿಗೆ ಒಪ್ಪಿಸಿದನು. 'ಮೈಕ್ರೋಲೋಗಸ್' ಎಂಬ ಅವನ ಗ್ರಂಥವು ಅಲ್ಲಿಯೇ ಸುಮಾರು 1026ರಲ್ಲಿ ರಚಿತವಾಯಿತು.

ಲಿಪಿಯೊಂದರಿಂದಲೇ ವಿದ್ಯೆಯು ಬಾರದೆಂಬುದನ್ನು ಗ್ವೀದೋ ಬಲ್ಲವನಾಗಿದ್ದನು. ಆದಕಾರಣ ಸ್ನಾನಿಕನಾದ ಯೋಹಾನನ ಸ್ತುತಿಗೀತವೊಂದನ್ನು ಬಾಲಕರಿಗೆ ಮೊದಲು ಬಾಯಿಪಾಠ ಮಾಡಿಸುತ್ತಿದ್ದನು. ಆ ಗೀತದ ಆರು ಖಂಡಗಳು ಒಂದಕ್ಕಿಂತ ಒಂದು ಒಂದೊಂದು ಸ್ವರ ಮೇಲಿನಿಂದ ಆರಂಭವಾಗುವುವು. ಅವುಗಳ ಮೊದಲಿನ ಅಕ್ಷರಗಳೇ ಉತ್, ರೇ, ಮೀ, ಫಾ, ಸೋಲ್, ಲಾ ಎಂಬ ಸ್ವರನಾಮಗಳಾದುವು. ಗೀತವು ಕಂಠದಲ್ಲಿ ನೆಲೆಗೊಂಡ ಬಳಿಕ, ಬರೆದ ಸ್ವರವನ್ನು ಕಂಡೊಡನೆ ಅದರ ನಾದವು ನೆನಪಿಗೆ ಬರುತ್ತಿದ್ದಿತು. ಕೆಲವು ಬಾಲಕರು ಮೂರು ದಿನ ತುಂಬುವುದರೊಳಗಾಗಿ ಅಪರಿಚಿತ ಗೀತವನ್ನು ಹಾಡಿದರೆಂದೂ, ಹತ್ತು ವರ್ಷದ ವಿದ್ಯೆಯು ಒಂದು ಅಥವಾ ಎರಡು ವರ್ಷಗಳಲ್ಲಿ ಕೈಗೂಡುವುದೆಂದೂ ಅವನು ಮಿತ್ರನಾದ ಮೈಕೇಲನಿಗೆ ಪತ್ರದಲ್ಲಿ ತಿಳಿಸಿದ್ದಾನೆ. ರೋಮಿಗೆ ಅವನನ್ನು ಕರೆಯಿಸಿದ ಪೋಪ್ 19ನೆಯ ಜಾನನು ಹಿಂದೆಂದೂ ಕೇಳದ ಒಂದು ಪದ್ಯವನ್ನು ಪುಸ್ತಕ ನೋಡಿಯೇ ಹಾಡಲು ಕಲಿತು, ಆ ಪದ್ಧತಿಯನ್ನು ತಾನೇ ಪರೀಕ್ಷಿಸಿದನು.

ನಮ್ಮ ದೇಶದಲ್ಲಿಯೂ ಪುರಂದರದಾಸರು ಹಾಕಿಕೊಟ್ಟರೆಂದು ಪ್ರತೀತಿಯಿರುವ ಸರಳೆ ವರಸೆಗಳು ಮೊದಲು ಕಂಠಕ್ಕೆ ಸ್ವರವನ್ನು ಒಗ್ಗಿಸುವುವು. ಶಾಲೆಯ ಮಕ್ಕಳಿಗೆ ಸ್ವರಲಿಪಿಯನ್ನು ಕಲಿಸುವವರು ಈ ಕ್ರಮವನ್ನು ಮರೆಯಬಾರದು. ನಾದವರಿಯದ ಮಗುವಿಗೆ ಲಿಪಿಯು ಬರಿಯ ಗೀಟು. ನಾದವರಿತ ಮಗುವಿಗಾದರೋ ಗುರುವು ದೂರವಿರುವಾಗಲೂ ಅದೇ ಆಧಾರ. ಗುರುವಿನ ಸ್ಥಾನವನ್ನು ಲಿಪಿಯು ಅಪಹರಿಸಲಾರದು, ಗುರುವಿತ್ತುದನ್ನು ಕಾಪಾಡಬಲ್ಲುದು.