ನೆಲನೆಲ್ಲಿ ಅಮೆರಿಕಕ್ಕೆ ಹೋಗಿ ಬಂದ ಕಥೆ

ಆಫೀಸಿನ ಗೆಳೆಯನೊಬ್ಬನ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿತು. ಡಾಕ್ಟರು ಆಪರೇಷನ್ ಅಂದರು. ಇವನು ಅವತ್ತೇ ರಾತ್ರಿ ಆನ್‌ಲೈನ್‌ನಲ್ಲಿ ‘ಚಾಂಕಾ ಪಿಯೆದ್ರಾ’ ಅನ್ನೋ ಕ್ಯಾಪ್ಸೂಲ್ ಹುಡುಕಿ ನನಗೆ ಲಿಂಕ್ ಕಳಿಸಿದ. ದಕ್ಷಿಣ ಅಮೆರಿಕದ ಸ್ಪ್ಯಾನಿಷ್‌ನಲ್ಲಿ ಹಾಗಂದ್ರೆ ಕಲ್ಲೊಡೆಯುವ ಗಿಡ. ಡಬ್ಬಿಯ ಮೇಲಿನ ಚಿತ್ರ ನೋಡಿದ ಕೂಡಲೇ ಗುರುತು ಸಿಕ್ಕಿತು. ಅರೆ, ಇದು ನಮ್ಮ ನೆಲನೆಲ್ಲಿ!

ಜೋಯಿಡಾ ತಾಲೂಕಿನ ಅಣಶಿಯ ಕಡೆ ಹೋದವರಿಗೆ ಈ ಗಿಡ ಗೊತ್ತಿರುತ್ತೆ. ಮಳೆ ಹಿಡಿದು ಸ್ವಲ್ಪ ದಿನಕ್ಕೆ ಅಂಗಳ, ಗದ್ದೆಯ ಬದು, ರಸ್ತೆ ಅಂಚು ಎಲ್ಲ ಕಡೆ ಏಳುವ ಗೇಣುದ್ದದ ಕಳೆ. ಎಲೆಸಾಲಿನ ಕೆಳಗೆ ಪುಟ್ಟ ಪುಟ್ಟ ಕಾಯಿ ಜೋತುಬಿದ್ದಿರುತ್ತವೆ. ಕೊಂಕಣಿ ಮಾತಾಡುವ ಮನೆಗಳಲ್ಲಿ ಇದು ಭುಂಯ್ ಆವಾಳೊ. ಕಣ್ಣು ಹಳದಿಯಾಯ್ತಾ, ಗಿಡ ಕಿತ್ತು ಅರೆದು ಹಾಲಲ್ಲೋ ಮಜ್ಜಿಗೆಯಲ್ಲೋ ಕೊಡೋದು, ಜೊತೆಗೆ ಕಟ್ಟುನಿಟ್ಟಿನ ಪಥ್ಯ. ಬಹಳ ಜನಕ್ಕೆ ವಾಸಿಯಾಗಿದೆ. ಇಲ್ಲಿ ಸುಳ್ಳೇನಿಲ್ಲ.

ಆದರೆ ‘ನೆಲನೆಲ್ಲಿ’ ಅಂದ್ರೆ ಯಾವುದು? ನಮ್ಮ ಸಸ್ಯಗ್ರಂಥಗಳು ಬಹಳ ಕಾಲ ಇದನ್ನು ಫಿಲಾಂತಸ್ ನಿರೂರಿ ಎಂದು ಬರೆದುಕೊಂಡು ಬಂದವು. ನಿಜವಾದ ನಿರೂರಿ ಅಮೆರಿಕ ಖಂಡದ ಗಿಡ. 1985ರಲ್ಲಿ ಮಿತ್ರಾ ಮತ್ತು ಜೈನ್ ಎಂಬ ಸಸ್ಯವಿಜ್ಞಾನಿಗಳು, ಭಾರತದಲ್ಲಿ ಆ ಒಂದು ಹೆಸರಿನಡಿ ಮೂರು ಬೇರೆ ಬೇರೆ ಪ್ರಭೇದಗಳು ಸೇರಿಕೊಂಡಿವೆ ಎಂದು ಬಿಡಿಸಿ ತೋರಿಸಿದರು: ಅಮಾರಸ್, ಫ್ರೆಟರ್ನಸ್, ಡೆಬಿಲಿಸ್. ಇನ್ನೂ ಮಜಾ ಏನು ಗೊತ್ತಾ? ಅಮಾರಸ್‌ನ ತವರೂ ಅಮೆರಿಕದ ಉಷ್ಣವಲಯವೇ ಎನ್ನುತ್ತಾರೆ ಸಸ್ಯವಿಜ್ಞಾನಿಗಳು. ಮೆಣಸಿನಕಾಯಿ, ಗೋಡಂಬಿಯ ಹಾಗೆ ಇದೂ ಬಂದು ನಮ್ಮದಾದ ಗಿಡ.

ಈ ಕಳೆಯ ಬೆನ್ನು ಹತ್ತಿದವರಲ್ಲಿ ಒಬ್ಬ ನೊಬೆಲ್ ವಿಜೇತರೂ ಇದ್ದರು. ಹೆಪಟೈಟಿಸ್ ಬಿ ವೈರಸ್ಸನ್ನು ಗುರುತಿಸಿದ್ದಕ್ಕೆ 1976ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ಬರೂಚ್ ಬ್ಲಂಬರ್ಗ್. ಅದರ ಲಸಿಕೆಗೂ ದಾರಿ ಮಾಡಿದವರು ಅವರೇ. ಆದರೆ ಲಸಿಕೆ ಇನ್ನೂ ಸೋಂಕು ತಗುಲದವರಿಗೆ. ವೈರಸ್ಸನ್ನು ವರ್ಷಗಟ್ಟಲೆ ಮೈಯಲ್ಲಿ ಹೊತ್ತು, ಮುಂದೆ ಸಿರೋಸಿಸ್, ಲಿವರ್ ಕ್ಯಾನ್ಸರ್‌ನ ಭಯದಲ್ಲಿರುವವರಿಗೆ ಏನು ಕೊಡೋದು? ಅವರು ಹಳೆಯ ವೈದ್ಯಪದ್ಧತಿಗಳತ್ತ ನೋಡಿದರು. ಮದ್ರಾಸಿನಲ್ಲಿ ಎಸ್.ಪಿ. ತ್ಯಾಗರಾಜನ್ ಆಗಲೇ ನೆಲನೆಲ್ಲಿಯ ಮೇಲೆ ಕೆಲಸ ಶುರುಮಾಡಿದ್ದರು. 1986ರಲ್ಲಿ ಬ್ಲಂಬರ್ಗ್ ನಮ್ಮ ಬೆಂಗಳೂರಿಗೂ ಬಂದು, ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು.

1987ರಲ್ಲಿ ಫಿಲಡೆಲ್ಫಿಯಾದ ಅವರ ತಂಡ ಪ್ರಕಟಿಸಿದ ಪ್ರಬಂಧದಲ್ಲಿ ಪ್ರಯೋಗಪ್ರಾಣಿ ವುಡ್‌ಚಕ್, ಅಳಿಲಿನ ಕುಲದ ಒಂದು ದಪ್ಪ ಬಿಲವಾಸಿ. ಅದಕ್ಕೂ ಹೆಪಟೈಟಿಸ್ ಬಿಯಂಥದ್ದೇ ಒಂದು ವೈರಸ್ ಬರುತ್ತೆ. ನೆಲನೆಲ್ಲಿಯ ಸಾರ ಚುಚ್ಚಿದ ಮೇಲೆ ಕೆಲವು ಪ್ರಾಣಿಗಳಲ್ಲಿ ವೈರಸ್ಸಿನ ಗುರುತು ಇಳಿಯಿತು. (ಅಣಶಿಯ ಕಾಡು ರಾಷ್ಟ್ರೀಯ ಉದ್ಯಾನವಾಗಿದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವಿಲ್ಲ, ನನಗೆ ಮಾತ್ರ ಖುಷಿ.) 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮದ್ರಾಸಿನ ರೋಗಿಗಳ ಫಲಿತಾಂಶ ಬಂತು. ಒಣಗಿಸಿ ಪುಡಿಮಾಡಿದ ಗಿಡ, 200 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 30 ದಿನ. ಗಿಡ ತಿಂದ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಪ್ರತಿಜನಕ ಮಾಯ! ಸುಮ್ಮನೆ ಹುಸಿಗುಳಿಗೆ ನುಂಗಿದ 23 ಜನರಲ್ಲಿ ಒಬ್ಬರಿಗೆ ಮಾತ್ರ.

ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. 1990ರಲ್ಲಿ ಅದೇ ಪತ್ರಿಕೆಯಲ್ಲಿ ಥಾಯ್ಲೆಂಡಿನ ವೈದ್ಯರು ತಮ್ಮ ಪ್ರಯೋಗದ ಫಲ ಬರೆದರು. ಗಿಡಕ್ಕೂ ಹುಸಿಗುಳಿಗೆಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆಮೇಲೆ ಬೇರೆ ಕಡೆಯ ಪ್ರಯೋಗಗಳೂ ಮದ್ರಾಸಿನ ಅಂಕಿಯ ಹತ್ತಿರ ಬರಲಿಲ್ಲ. 2011ರ ಕೊಕ್ರೇನ್ ಪರಿಶೀಲನೆಗೂ ನಂಬುವಂಥ ಪುರಾವೆ ಸಿಗಲಿಲ್ಲ. ಬ್ಲಂಬರ್ಗ್ ಮೇಲೆ ನನಗೆ ಗೌರವ ಹೆಚ್ಚಾಗಿದ್ದು ಇಲ್ಲೇ. ಹಳ್ಳಿಯ ಗಿಡ ಅಂತ ತಳ್ಳಲೂ ಇಲ್ಲ, ಹಳ್ಳಿಯ ಗಿಡ ಅಂತ ಪೂಜೆಗೂ ಕೂರಲಿಲ್ಲ.

ಹಾಗಾದರೆ ಊರಿನಲ್ಲಿ ಇಷ್ಟು ಜನಕ್ಕೆ ವಾಸಿಯಾಗಿದ್ದು? ಗಿಡದ ಹೆಸರಿನ ಹಾಗೇ ಕಾಮಾಲೆಯೂ ಒಂದೇ ಹೆಸರು, ಒಳಗೆ ಹಲವು ರೋಗ. ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತವೆ. 1955–56ರಲ್ಲಿ ಕುಡಿಯುವ ನೀರಿಗೆ ಚರಂಡಿ ಸೇರಿ ದೆಹಲಿಯಲ್ಲಿ ಸುಮಾರು 29,000 ಜನಕ್ಕೆ ಕಾಮಾಲೆ ಬಂದಿತ್ತು. ಅದು ‘ಇ’ ಎಂದು ಗೊತ್ತಾಗಿದ್ದು ದಶಕಗಳ ನಂತರ. ಅವರಲ್ಲೂ ಹೆಚ್ಚಿನವರು ಚೇತರಿಸಿಕೊಂಡರು. ಆ ದಿನಗಳಲ್ಲಿ ಏನು ಕುಡಿಸಿದ್ದರೂ ಕೀರ್ತಿ ಅದಕ್ಕೇ.

ಕಲ್ಲಿನ ಕಾಮಾಲೆ ಹಾಗಲ್ಲ. ಪಿತ್ತಕೋಶದ ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಂಡರೆ ಪಿತ್ತರಸ ಕರುಳಿಗೆ ಇಳಿಯೋದಿಲ್ಲ, ರಕ್ತಕ್ಕೆ ಹಿಮ್ಮೆಟ್ಟುತ್ತೆ. ಕಣ್ಣು ಹಳದಿ, ಮೂತ್ರ ಕಪ್ಪು, ಮಲ ಬಿಳಿಚು, ಮೈಯೆಲ್ಲ ತುರಿಕೆ. ಅದರ ಜೊತೆ ಚಳಿಜ್ವರ ಬಂತೋ, ನಾಳಕ್ಕೆ ಸೋಂಕು ತಗುಲಿದೆ, ಪ್ರಾಣಕ್ಕೇ ಅಪಾಯ. ಇಲ್ಲಿ ಪಥ್ಯ ಹಿಡಿದು ಎರಡು ವಾರ ಕಾಯೋದು ಅಂದ್ರೆ ಇರುವ ಸಮಯ ಕಳೆದುಕೊಂಡ ಹಾಗೆ. ಬ್ರೆಜಿಲ್‌ನಲ್ಲಿ ‘ಕಲ್ಲೊಡೆಯುವ’ ಗಿಡದ ಸಂಶೋಧನೆ ನಡೆದಿರೋದೂ ಕಿಡ್ನಿ ಕಲ್ಲಿನ ಮೇಲೆ. ಅದು ಹೆಚ್ಚಾಗಿ ಕ್ಯಾಲ್ಸಿಯಂನದು, ಪಿತ್ತಕೋಶದ್ದು ಕೊಲೆಸ್ಟರಾಲ್ ಮತ್ತು ಪಿತ್ತವರ್ಣಕದ್ದು. ಡಬ್ಬಿಯವರು ಎರಡನ್ನೂ ಒಂದೇ ಚಿತ್ರದಲ್ಲಿ ಮುಗಿಸಿಬಿಡ್ತಾರೆ.

ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್ 1882ರ ಜುಲೈ 15ರಂದು ಮೊದಲ ಬಾರಿಗೆ ಪಿತ್ತಕೋಶವನ್ನೇ ತೆಗೆದುಹಾಕಿದರು. ಅವರ ತರ್ಕ ಸರಳ: ಚೀಲದಲ್ಲಿ ಕಲ್ಲಿದೆ ಅಂತಲ್ಲ, ಚೀಲವೇ ಕಲ್ಲು ಮಾಡ್ತಿದೆ. ಭಾರತದಲ್ಲಿ ಇದನ್ನು ಸಣ್ಣ ರಂಧ್ರಗಳ ಮೂಲಕ ಮೊದಲು ಮಾಡಿದ್ದು 1990ರಲ್ಲಿ, ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ, ತೆಹೆಮ್ಟನ್ ಉದ್ವಾಡಿಯಾ. ನಾಳದಲ್ಲಿ ಸಿಕ್ಕಿದ ಕಲ್ಲನ್ನು ಬಾಯಿಂದ ದುರ್ಬೀನು ಇಳಿಸಿ ತೆಗೆಯುವ ವಿದ್ಯೆ 1974ರಷ್ಟು ಹಳೆಯದು.

1968ರಲ್ಲಿ ಎಸ್.ಎಲ್. ಮಲ್ಹೋತ್ರಾ ರೈಲ್ವೆ ನೌಕರರ ದಾಖಲೆ ಹೋಲಿಸಿ, ಉತ್ತರದವರಲ್ಲಿ ಪಿತ್ತಕಲ್ಲು ದಕ್ಷಿಣದವರಿಗಿಂತ ಏಳು ಪಟ್ಟು ಎಂದು ಬರೆದಿದ್ದರು. ನನ್ನ ಊಹೆ ಇಷ್ಟೆ: ಕಲ್ಲು ಅಪರೂಪವಾಗಿದ್ದ ಸೀಮೆಯಲ್ಲಿ ಕಾಮಾಲೆ ಅಂದ್ರೆ ಬಹುಪಾಲು ವೈರಸ್ಸೇ ಆಗಿರಬೇಕು. ನೆಲನೆಲ್ಲಿಯ ಹೆಸರು ಬೆಳೆದದ್ದು ಅಂಥ ಕಾಲದಲ್ಲಿ.

ಅಣಶಿ ಕಡೆ ಮದ್ದು ಕೊಡುವ ಹಿರಿಯರೊಬ್ಬರ ಹತ್ತಿರ ಇದನ್ನೆಲ್ಲ ಹೇಳಿದೆ. ನಕ್ಕರು. ಹಳದಿ ಕಣ್ಣಿನವರು ಬಂದರೆ ಅವರು ಮೊದಲು ಕೇಳೋದು ಮಲದ ಬಣ್ಣವಂತೆ. ‘ಬೆಳ್ಳಗಿದ್ರೆ ನನ್ನ ಮದ್ದು ಅಲ್ಲ, ಸ್ಕ್ಯಾನಿಗೆ ಹೋಗು ಅಂತೀನಿ’ ಅಂದರು. ದಾಂಡೇಲಿ ಬಸ್ಸು ಎಷ್ಟು ಗಂಟೆಗೆ ಅನ್ನೋದನ್ನೂ ಅವರೇ ಹೇಳಿ ಕಳಿಸ್ತಾರೆ.