ಕಾಫಿಯ ಹಣ ಮನೆಗೆ ಬಂದ ಹಾದಿ



ಹಾಸನದಿಂದ ಪಶ್ಚಿಮಕ್ಕೆ ಹೊರಟವರಿಗೆ ಆಲೂರು ಸೀಮೆಯಲ್ಲಿ ಬಯಲುನಾಡು ಮುಗಿದು ಮಲೆನಾಡು ತೊಡಗುತ್ತದೆ. ಅಲ್ಲಿಂದ ಮುಂದೆ ಹೇಮಾವತಿಯ ದಂಡೆಯ ಮೇಲೆ ಸಕಲೇಶಪುರ. ಅದನ್ನು ದಾಟಿದರೆ ಟಿಪ್ಪು ಸುಲ್ತಾನನು ಕಟ್ಟಿಸಿದ ಮಂಜರಾಬಾದಿನ ಕೋಟೆ. ಅದರಾಚೆ ಘಟ್ಟದ ಇಳಿಜಾರು. ಈ ಗುಡ್ಡಗಳಿಗೆ ಕಾಫಿ ಹೇಗೆ ಬಂದಿತೆಂಬುದನ್ನು ಅನೇಕರು ಹೇಳಿದ್ದಾರೆ. ಬೆಳೆದ ಕಾಫಿಯ ಹಣ ಬೆಳೆಗಾರನ ಮನೆಗೆ ಯಾವ ಹಾದಿಯಲ್ಲಿ ಬಂದಿತು, ಆ ಹಾದಿಯಲ್ಲಿ ಸರ್ಕಾರದ ಕೈ ಎಲ್ಲಿ ಕಾಪಾಡಿತು, ಎಲ್ಲಿ ತಡೆಯಿತು ಎಂಬುದನ್ನು ವಿಚಾರಿಸಿದವರು ಕಡಮೆ. ಈ ಹೊತ್ತಿನ ನನ್ನ ಭಾಷಣಕ್ಕೆ ಅದೇ ವಿಷಯ.

ಹತ್ತೊಂಬತ್ತನೆಯ ಶತಮಾನದಲ್ಲಿ ಮಂಜರಾಬಾದಿನ ಕಾಫಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಮಂಗಳೂರಿಗೆ ಹೋಗುತ್ತಿತ್ತು. ಅಲ್ಲಿ ಸಿಪ್ಪೆ ತೆಗೆದು, ಹದಮಾಡಿ, ಹಡಗಿಗೇರಿಸುತ್ತಿದ್ದರು. ದೊಡ್ಡ ತೋಟಗಾರನಿಗೆ ಕರಾವಳಿಯ ವ್ಯಾಪಾರ ಸಂಸ್ಥೆಗಳು ಬೆಳೆಯ ಮೇಲೆ ಮುಂಗಡ ಕೊಡುತ್ತಿದ್ದವು. ಸರಕು ಪರದೇಶದಲ್ಲಿ ಮಾರಾಟವಾದ ಮೇಲೆ ಲೆಕ್ಕ ತೀರುತ್ತಿತ್ತು. ಸಣ್ಣ ಬೆಳೆಗಾರನು ಮನೆಬಾಗಿಲಿಗೆ ಬಂದ ವ್ಯಾಪಾರಿಗೆ ಅವನು ಹೇಳಿದ ಬೆಲೆಗೆ ಕೊಡುತ್ತಿದ್ದನು. ಆ ಕಾಲದಲ್ಲಿ ಸರ್ಕಾರಕ್ಕೂ ತೋಟಗಾರನಿಗೂ ನಡುವಣ ಮಾತು ಬಹುಮಟ್ಟಿಗೆ ಕಂದಾಯದ ಮಾತು, ಸುಂಕದ ಮಾತು. 1850ರ ದಶಕದಲ್ಲಿ ಮಂಜರಾಬಾದಿಗೆ ಬಂದು ತೋಟಮಾಡಿದ ರಾಬರ್ಟ್ ಎಲಿಯಟ್ ಎಂಬ ಆಂಗ್ಲೇಯನು ಮುಂದೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿಯೂ ಕುಳಿತು, 1894ರಲ್ಲಿ ತನ್ನ ಅನುಭವಗಳನ್ನು ಗ್ರಂಥವಾಗಿ ಪ್ರಕಟಿಸಿದನು. ತೋಟದ ಅಹವಾಲನ್ನು ಸರ್ಕಾರದ ಮುಂದಿಡುವ ಅಭ್ಯಾಸ ಈ ಸೀಮೆಗೆ ಹೊಸದಲ್ಲವೆಂಬುದಕ್ಕೆ ಇದೊಂದು ಸಾಕ್ಷಿ. ಆದರೆ ಬೆಳೆಗಾರನಿಗೆ ಹಣ ಯಾವಾಗ ಸಲ್ಲಬೇಕು, ಎಷ್ಟು ಸಲ್ಲಬೇಕು ಎಂಬ ವಿಷಯದಲ್ಲಿ ಸರ್ಕಾರ ಇನ್ನೂ ಕೈಹಾಕಿರಲಿಲ್ಲ.

ಕೈಹಾಕುವಂತೆ ಮಾಡಿದ್ದು 1930ರ ದಶಕದ ಬೆಲೆಯ ಕುಸಿತ. ಜಗತ್ತಿನಲ್ಲಿ ಕಾಫಿ ತುಂಬಿ ಚೆಲ್ಲಿದ ಕಾಲವದು. ಬ್ರೆಜಿಲ್ ದೇಶದ ಸರ್ಕಾರ 1931ರಿಂದ 1944ರವರೆಗೆ ಸುಮಾರು 7 ಕೋಟಿ 80 ಲಕ್ಷ ಚೀಲ ಕಾಫಿಯನ್ನು ಸುಟ್ಟೂ ಸಮುದ್ರಕ್ಕೆ ಸುರಿದೂ ನಾಶಮಾಡಿತು. ನಮ್ಮಲ್ಲಿ 1935ರಲ್ಲಿ ಕಾಫಿ ಸೆಸ್ ಕಾಯಿದೆಯಾಯಿತು. ಆ ಸೆಸ್ಸಿನ ಹಣದಿಂದ ದೇಶದೊಳಗೆ ಕಾಫಿಯ ಪ್ರಚಾರ ನಡೆಯಿತು. 1936ರಲ್ಲಿ ಮುಂಬಯಿಯಲ್ಲಿ ತೆರೆದ ಇಂಡಿಯಾ ಕಾಫಿ ಹೌಸ್ ಅದರ ಫಲ. ನಗರವಾಸಿಗಳಾದ ತಾವು ಕಾಫಿ ಹೌಸಿನಲ್ಲಿ ಕುಳಿತು ಹರಟಿದ್ದರೆ, ಮಲೆನಾಡಿನ ಈ ಕಷ್ಟಕ್ಕೂ ತಮಗೂ ನಂಟುಂಟು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದು ಯೂರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. 1940ರಲ್ಲಿ ಸುಗ್ರೀವಾಜ್ಞೆಯೊಂದು ಹೊರಟು, 1942ರಲ್ಲಿ ಅದು ಶಾಸನವಾಗಿ, ಬೆಂಗಳೂರಿನಲ್ಲಿ ಕಾಫಿ ಬೋರ್ಡು ನೆಲೆಸಿತು. ಈ ಶಾಸನದ ಕಟ್ಟಳೆ ಸರಳವಾದರೂ ಕಠಿನವಾದುದು. ಕಾಫಿ ತೋಟವುಳ್ಳವನು ನೋಂದಣಿ ಮಾಡಿಸತಕ್ಕದ್ದು. ಬೆಳೆಯನ್ನು ಲೈಸೆನ್ಸ್ ಪಡೆದ ಕ್ಯೂರಿಂಗ್ ಕಾರ್ಖಾನೆಗೆ ಸಾಗಿಸತಕ್ಕದ್ದು. ಅಲ್ಲಿ ಎಲ್ಲರ ಕಾಫಿಯೂ ಒಂದು ರಾಶಿಗೆ, ಜನರು ಪೂಲು ಎಂದು ಕರೆದ ರಾಶಿಗೆ, ಸೇರತಕ್ಕದ್ದು. ಒಮ್ಮೆ ಸೇರಿತೆಂದರೆ ಆ ಕಾಫಿಯ ಮೇಲೆ ಬೆಳೆಗಾರನಿಗೆ ಮತ್ತಾವ ಹಕ್ಕೂ ಉಳಿಯದು. ಶಾಸನದ 34ನೆಯ ವಿಧಿಯಂತೆ ಬೋರ್ಡು ಕೊಡುವ ಹಣವನ್ನು ಪಡೆಯುವ ಹಕ್ಕೊಂದು ಮಾತ್ರ ಉಳಿಯುವುದು. ಆ ಹಣವನ್ನು ಯಾವಾಗ ಕೊಡಬೇಕು? ಬೋರ್ಡಿಗೆ ಯುಕ್ತವೆಂದು ತೋರಿದ ಕಾಲಗಳಲ್ಲಿ. ನನ್ನ ಭಾಷಣದ ತಿರುಳು ಈ ಒಂದು ಮಾತಿನಲ್ಲಿದೆ.

ಹಣ ಸಲ್ಲುತ್ತಿದ್ದ ಕ್ರಮವನ್ನು ಸ್ವಲ್ಪ ವಿವರಿಸಬೇಕು. ತೋಟದಿಂದ ಬಂದ ಪಾರ್ಚ್‌ಮೆಂಟ್, ಚೆರಿ ಕಾಫಿಗಳನ್ನು ಕಾರ್ಖಾನೆಯಲ್ಲಿ ಹದಮಾಡಿ, ಗಾತ್ರ ಗುಣಗಳಿಗೆ ತಕ್ಕಂತೆ ವಿಂಗಡಿಸಿ, ಒಂದೊಂದು ದರ್ಜೆಗೂ ಇಂತಿಷ್ಟು ಪಾಯಿಂಟುಗಳೆಂದು ಎಣಿಸುತ್ತಿದ್ದರು. ಕಾಫಿ ಒಪ್ಪಿಸಿದವನಿಗೆ ಮೊದಲು ಒಂದು ಕಂತು ಸಲ್ಲುತ್ತಿತ್ತು. ಬೋರ್ಡು ಆ ರಾಶಿಯನ್ನು ಹರಾಜಿನಲ್ಲಿಯೂ ರಫ್ತಿನಲ್ಲಿಯೂ ಮಾರಿದಂತೆಲ್ಲ, ಖರ್ಚು ಕಳೆದು, ಪಾಯಿಂಟಿಗೆ ಇಷ್ಟೆಂದು ಮತ್ತೆ ಮತ್ತೆ ಕಂತುಗಳನ್ನು ಕೊಡುತ್ತಿದ್ದಿತು. ಒಂದು ವರ್ಷದ ಬೆಳೆಯ ಲೆಕ್ಕ ಪೂರ್ತಿಯಾಗಿ ತೀರುವ ಹೊತ್ತಿಗೆ ಮುಂದಿನ ಬೆಳೆಗಳು ಬಂದು ಒಪ್ಪಿತವಾಗಿರುತ್ತಿದ್ದವು.

ಆಲೂರು ಕಡೆಯ ನನ್ನ ಸೋದರಮಾವನವರಿಗೆ ಕೆಲವೇ ಎಕರೆ ತೋಟವಿತ್ತು. 1980ರ ದಶಕದ ಕೊನೆಯಲ್ಲಿ, ಬಾಲಕನಾಗಿ ನಾನು ಅಲ್ಲಿಗೆ ಹೋದಾಗ, ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ಒಂದು ಲೆಕ್ಕದ ಪುಸ್ತಕವಿರುತ್ತಿತ್ತು. ಅದರಲ್ಲಿ ಮೂರು ವರ್ಷದ ಬೆಳೆಗಳ ಲೆಕ್ಕ ಏಕಕಾಲಕ್ಕೆ ಜೀವಂತವಾಗಿದ್ದವು. ನೆರೆಯವರು ಬಂದರೆ ಕುಶಲಪ್ರಶ್ನೆಯ ಬೆನ್ನಿಗೇ "ಪೂಲಿನ ದುಡ್ಡು ಬಂತೇನು?" ಎಂಬ ಪ್ರಶ್ನೆ. "ಬರುತ್ತೆ ಬಿಡಪ್ಪ, ಎಲ್ಲಿ ಹೋಗುತ್ತೆ?" ಎಂದು ಮಾವನವರು ನಗುತ್ತಿದ್ದರು. ಆ ಉತ್ತರದಲ್ಲಿದ್ದ ಭರವಸೆ ಸುಳ್ಳಲ್ಲ. ಸಣ್ಣವನ ಕಾಫಿಗೂ ದೊಡ್ಡವನ ಕಾಫಿಗೂ ಪಾಯಿಂಟಿನ ಬೆಲೆ ಒಂದೇ ಆಗಿತ್ತು; ಮನೆಬಾಗಿಲಿನ ವ್ಯಾಪಾರಿಯ ತಕ್ಕಡಿಗೆ ಹೆದರಬೇಕಾಗಿರಲಿಲ್ಲ. ಆದರೆ ತೋಟದಲ್ಲಿ ದುಡಿದವರ ವಾರದ ಬಟವಾಡೆ ಬೋರ್ಡಿನ ಕಂತಿಗಾಗಿ ಕಾಯುವಂತಿರಲಿಲ್ಲ. ಗೊಬ್ಬರವೂ ಕಾಯುವಂತಿರಲಿಲ್ಲ. ಬರಬೇಕಾದ ಹಣಕ್ಕೂ ಕೊಡಬೇಕಾದ ಹಣಕ್ಕೂ ನಡುವಣ ಅಂತರವನ್ನು ಸಾಲದಿಂದ ತುಂಬಬೇಕಾಗಿತ್ತು. ಆ ಸಾಲದ ಬಡ್ಡಿ ಪಾಯಿಂಟಿನ ಲೆಕ್ಕದಲ್ಲಿ ಎಲ್ಲಿಯೂ ಕಾಣಿಸುತ್ತಿರಲಿಲ್ಲ.

ಹಾಗಾದರೆ ಬೆಳೆಗಾರರು ಸುಮ್ಮನಿದ್ದರೇ? ಇರಲಿಲ್ಲ. ಶಾಸನವೇ ಅವರಿಗೆ ಬೋರ್ಡಿನಲ್ಲಿ ಸ್ಥಾನ ಕೊಟ್ಟಿತ್ತು. ಬೆಳೆಗಾರರು, ವ್ಯಾಪಾರಿಗಳು, ಕ್ಯೂರಿಂಗ್ ನಡೆಸುವವರು, ಕೂಲಿಕಾರರು, ಬಳಕೆದಾರರು, ಸರ್ಕಾರದವರು, ಎಲ್ಲರ ಪ್ರತಿನಿಧಿಗಳೂ ಒಂದೇ ಮೇಜಿನ ಸುತ್ತ ಕುಳಿತಿದ್ದರು. ಹೊರಗಿನಿಂದ 1893ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತದ ತೋಟಗಾರರ ಸಂಯುಕ್ತ ಸಂಘವೂ ಜಿಲ್ಲೆಯ ಸಂಘಗಳೂ ಅರ್ಜಿ ಸಲ್ಲಿಸುತ್ತಿದ್ದವು. ಹೀಗೆ ಬೆಳೆಗಾರನು ನಿಯಮಕ್ಕೆ ಒಳಪಟ್ಟವನೂ ಹೌದು, ನಿಯಮ ನಡೆಸುವ ಸಭೆಯಲ್ಲಿ ಪಾಲುಗಾರನೂ ಹೌದು. ಇದರಿಂದ ಅವನ ದೂರಿಗೆ ಕಿವಿಗಳು ದೊರೆತವು. ಕಂತಿನ ಕಾಲನಿರ್ಣಯ ಮಾತ್ರ ಅವನ ಕೈಗೆ ಬರಲಿಲ್ಲ.

ಈ ಹಣದ ಸ್ವರೂಪವೇನೆಂಬ ಪ್ರಶ್ನೆ ಕಡೆಗೆ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಬೋರ್ಡು ಬೆಳೆಗಾರರಿಂದ ಕಾಫಿ ಕೊಳ್ಳುತ್ತಿದೆಯೆಂದೂ, ಆದುದರಿಂದ ಖರೀದಿ ತೆರಿಗೆ ಕೊಡಬೇಕೆಂದೂ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ವಾದಿಸಿತು. ಇದು ಕೊಳ್ಳುವುದಲ್ಲ, ಶಾಸನದ ಬಲದಿಂದ ವಶಪಡಿಸಿಕೊಳ್ಳುವುದು, ಒತ್ತಾಯವಿರುವಲ್ಲಿ ವ್ಯಾಪಾರವೆಲ್ಲಿ ಎಂಬುದು ಬೋರ್ಡಿನ ವಾದ. 1988ರಲ್ಲಿ ನ್ಯಾಯಾಲಯ ತೀರ್ಪಿತ್ತಿತು: ನಿಯಮದ ಕಟ್ಟು ಎಷ್ಟೇ ಬಿಗಿಯಾದರೂ ಒಪ್ಪಿಗೆಯ ಅಂಶ ಪೂರ್ತಿಯಾಗಿ ಅಳಿದಿಲ್ಲ; ಬೆಳೆಗಾರನಿಗೆ ಸಲ್ಲುವ ಹಣ ಬೆಲೆಯೇ; ಆದುದರಿಂದ ಇದು ಮಾರಾಟ, ತೆರಿಗೆ ಸಲ್ಲತಕ್ಕದ್ದು. ವಕೀಲರಿಗೆ ಇದು ತೆರಿಗೆಯ ತೀರ್ಪು. ಚರಿತ್ರೆಯ ವಿದ್ಯಾರ್ಥಿಗೆ ಇದರಲ್ಲಿ ಮತ್ತೊಂದು ಅರ್ಥ ಕಾಣುತ್ತದೆ. ಬೆಳೆಗಾರನು ಮಾರಿದವನೆಂದು ನ್ಯಾಯಾಲಯ ಹೇಳಿತು. ಆದರೆ ಬೆಲೆಯನ್ನು ಕೇಳುವ, ಹಣದ ದಿನವನ್ನು ಗೊತ್ತುಮಾಡುವ ಅಧಿಕಾರ ಮಾರುವವನಿಗೆ ಇರಲಿಲ್ಲ.

ಆಮೇಲಿನ ಘಟನೆಗಳು ವೇಗವಾಗಿ ನಡೆದವು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತಿನ ಕೋಟಾ ಮುರಿದುಬಿದ್ದು ಬೆಲೆಗಳು ಇಳಿದವು. ನಮ್ಮ ಕಾಫಿಗೆ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದುಹೋಯಿತು. ಅದೇ ವರ್ಷ ಭಾರತದ ಆರ್ಥಿಕ ನೀತಿಯೂ ಬದಲಾಯಿತು. ಬೆಳೆಗಾರರ ಬಹುದಿನದ ಕೋರಿಕೆಗೆ ಈಗ ಕಾಲ ಕೂಡಿಬಂದಿತು. 1992ರಲ್ಲಿ ಬೆಳೆಯ ನೂರಕ್ಕೆ 30 ಭಾಗವನ್ನು ದೇಶದೊಳಗೆ ತಾವೇ ಮಾರಿಕೊಳ್ಳಲು ಅನುಮತಿ ದೊರೆಯಿತು. ಈ ಭಾಗ ಹಂತಹಂತವಾಗಿ ಏರಿ, 1996ರಲ್ಲಿ ಪೂಲು ಸಂಪೂರ್ಣವಾಗಿ ಕೊನೆಗೊಂಡಿತು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಬೆಲೆ ಏರಿದ್ದರಿಂದ, ಬಿಡುಗಡೆಯ ಮೊದಲ ವರ್ಷಗಳಲ್ಲಿ ಮಲೆನಾಡಿನಲ್ಲಿ ಹಬ್ಬದ ಸಂಭ್ರಮ.

ಆ ಸಂಭ್ರಮ ಬಹುಕಾಲ ನಿಲ್ಲಲಿಲ್ಲ. ವಿಯೆಟ್ನಾಮಿನ ಬೆಳೆ ಜಗತ್ತಿನ ಮಾರುಕಟ್ಟೆಗೆ ನುಗ್ಗಿ, ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಲೆ ಪಾತಾಳಕ್ಕೆ ಇಳಿಯಿತು. ಆಗ ಹಣ ಬೇಗನೆ ಬರುತ್ತಿತ್ತು, ಆದರೆ ಸಾಲದಾಗಿತ್ತು. ಹಿಂದೆ ಹಣಕ್ಕಾಗಿ ಕಾದ ಬೆಳೆಗಾರನು ಈಗ ಬೆಲೆಗಾಗಿ ಕಾಯತೊಡಗಿದನು. ಕಾಯುವ ಶಕ್ತಿಯಿಲ್ಲದ ಸಣ್ಣವನು ಒಣಗಿದ ಚೆರಿಯನ್ನು ಅಂದಿನ ದರಕ್ಕೆ ಕೊಟ್ಟನು. ಇಂದು ಸಕಲೇಶಪುರದ ಬೆಳೆಗಾರನು ಲಂಡನ್, ನ್ಯೂಯಾರ್ಕ್ ಮಾರುಕಟ್ಟೆಗಳ ದರವನ್ನು ಅಂಗೈಯ ಫೋನಿನಲ್ಲಿ ನೋಡಬಲ್ಲನು. ಹಣವೂ ನೇರವಾಗಿ ಬ್ಯಾಂಕಿನ ಖಾತೆಗೆ ಬರಬಲ್ಲದು.

ಪೂಲು ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಚರಿತ್ರೆಗೆ ಒಪ್ಪದು. ಯುದ್ಧಕಾಲದಲ್ಲಿ ಅದಿಲ್ಲದಿದ್ದರೆ ಈ ಬೆಟ್ಟಗಳ ಎಷ್ಟೋ ತೋಟಗಳು ಕಾಡಿಗೆ ಮರಳುತ್ತಿದ್ದವು. ಅದರ ಕೊರತೆ ಬೇರೆ ಕಡೆಯಲ್ಲಿದೆ: ಆಪತ್ಕಾಲಕ್ಕೆಂದು ಕಟ್ಟಿದ ವ್ಯವಸ್ಥೆ ಆಪತ್ತು ಕಳೆದ ಮೇಲೂ ಅರ್ಧ ಶತಮಾನ ನಿಂತಿತು, ತಡವಾದ ಹಣಕ್ಕೆ ತಡೆದವನು ಉತ್ತರ ಹೇಳಬೇಕೆಂಬ ನಿಯಮ ಮಾತ್ರ ಅದರೊಳಗೆ ಬಲವಾಗಿ ಬೆಳೆಯಲಿಲ್ಲ. ಪರರ ಹಣವನ್ನು ನಡುವೆ ಹಿಡಿದು ದಾಟಿಸುವ ಸಂಸ್ಥೆ ಸರ್ಕಾರದ್ದಾಗಲಿ, ವ್ಯಾಪಾರಿಯದಾಗಲಿ, ಇಂದಿನ ಫೋನಿನ ಮೂಲಕ ಹಣ ಕಳುಹಿಸುವ ಕಂಪನಿಯದಾಗಲಿ, ಅದನ್ನು ಕುರಿತು ಕಾಯಿದೆ ಮಾಡುವವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಹಣ ತಡವಾದರೆ ಅದರ ನಷ್ಟ ಯಾರದು?

ನನ್ನ ಮಾವನವರ ಲೆಕ್ಕದ ಪುಸ್ತಕ ಈಗಲೂ ಅದೇ ಪೆಟ್ಟಿಗೆಯಲ್ಲಿದೆ. ಪೂಲಿನ ಕೊನೆಯ ಕಂತು ಬಂದ ದಿನ ಅವರು ಅದರಲ್ಲಿ ಅಡ್ಡಗೆರೆ ಎಳೆದು, ಕೆಳಗೆ "ಚುಕ್ತಾ" ಎಂದು ಬರೆದಿದ್ದಾರೆ. ಅದರ ಮುಂದಿನ ಪುಟಗಳು ಖಾಲಿ.